ನೀರು ಕೇಳಿದವರು

ಅವರು ಯಾವ ಕತೆಯನ್ನೂ ಕೇಳಿದ ಕೂಡಲೇ ನಂಬುತ್ತಿರಲಿಲ್ಲ. ಹಾಗೆಂದು ತಳ್ಳಿಹಾಕುತ್ತಲೂ ಇರಲಿಲ್ಲ. ಕನ್ನಡಕವನ್ನು ಹಣೆಗೆ ಏರಿಸಿ, "ಯಾರು ನೋಡಿದ್ರು? ಅವರು ಯಾರಿಗೆ ಹೇಳಿದ್ರು? ಬರದಿಟ್ಟದ್ದು ಯಾವಾಗ?" ಎಂದು ಕೇಳುತ್ತಿದ್ದರು. ಮನೆಗೆಲಸದ ಹೆಂಗಸು ತನ್ನ ಗಲ್ಲಿಯಲ್ಲಿ ದೆವ್ವ ಕಂಡಿತೆಂದರೂ ಇದೇ ಪ್ರಶ್ನೆ. ನಮ್ಮ ಆಫೀಸಿನಲ್ಲಿ ಯಾರಿಗೋ ವರ್ಗವಾಗುತ್ತದಂತೆ ಎಂದು ನಾನು ಸುದ್ದಿ ತಂದರೂ ಇದೇ ಪ್ರಶ್ನೆ. ಎರಡು ಸಾವಿರ ವರ್ಷದ ಹಿಂದೆ ಗೋರಿಯಿಂದ ಎದ್ದು ಬಂದವನ ಬಗ್ಗೆಯೂ ಇದೇ ಪ್ರಶ್ನೆ. ಈಗ ಅವರ ಬಗ್ಗೆ ಬರೆಯಲು ಕುಳಿತರೆ ಅದು ನನ್ನ ಕಡೆಗೇ ತಿರುಗುತ್ತದೆ. ನೋಡಿದವಳು ನಾನು. ಬರೆಯುತ್ತಿರುವುದು ಎಷ್ಟೋ ವರ್ಷಗಳ ಮೇಲೆ. ಅವರಾಗಿದ್ದರೆ ಇಷ್ಟಕ್ಕೇ ಹುಬ್ಬೇರಿಸಿರುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಭಾಗ. ನಾನು ಸಿವಿಲ್ ಲೈನ್ಸಿನ ಒಂದು ಸರ್ಕಾರಿ ಕಚೇರಿಗೆ ವರ್ಗವಾಗಿ ಮೈಸೂರಿನಿಂದ ನಾಗಪುರಕ್ಕೆ ಬಂದಿದ್ದೆ. ಮನೀಶ್ ನಗರದಲ್ಲಿ ಆಗ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನೂ ನನ್ನ ಯಜಮಾನರೂ ಬಾಡಿಗೆಗೆ ಹಿಡಿದ ಮನೆಯ ಕೆಳ ಅಂತಸ್ತಿನಲ್ಲಿ ಅವರು ಮತ್ತು ಅವರ ಅಕ್ಕ ಇದ್ದರು. ಅವರು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು. ಅಕ್ಕ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಮದುವೆಯಾಗದವರು. ಇಬ್ಬರೂ ಬೆಟಗೇರಿ ಕಡೆಯ ಕ್ರೈಸ್ತರು. ಅವರ ಅಜ್ಜ ನೇಕಾರ. ಬರಗಾಲದಲ್ಲಿ ಮಿಶನ್ನಿನವರು ಗಂಜಿ ಹಾಕಿದ್ದಕ್ಕೆ ಆ ಕಡೆ ಹೋದವರು ಎಂದು ಅವರೇ ಹೇಳುತ್ತಿದ್ದರು, ಮುಚ್ಚುಮರೆಯಿಲ್ಲದೆ.

ನಾನು ಅವರನ್ನು ಮೇಷ್ಟ್ರೇ ಎಂದು ಕರೆದಾಗ ಮೊದಲ ದಿನವೇ ನಕ್ಕಿದ್ದರು. "ನಮ್ಮ ಕಡೆ ಮಾಸ್ತರ ಅಂತಾರವಾ. ಮೇಷ್ಟ್ರು ಅಂದ್ರ ಯಾವುದೋ ಮಿಠಾಯಿ ಹೆಸರು ಅನಸ್ತೈತಿ." ಆಮೇಲೂ ನಾನು ಮೇಷ್ಟ್ರು ಎಂದೇ ಕರೆದೆ. ಅವರಿಗೆ ನಾನು ತಂಗಿ.

ಭಾನುವಾರ ಬೆಳಿಗ್ಗೆ ಅವರ ಮನೆಯ ಮುಂದಿನ ಕೋಣೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ನಡೆಸುತ್ತಿದ್ದವರು ಅಕ್ಕ. ಬರುತ್ತಿದ್ದವರು ಆಸುಪಾಸಿನ ಕೆಲವು ಮನೆಯವರು: ಆಸ್ಪತ್ರೆಯ ಆಯಾಗಳು, ಒಬ್ಬ ಆಟೋದವನ ಕುಟುಂಬ, ಬಟ್ಟೆ ಹೊಲಿಯುವ ಹೆಂಗಸೊಬ್ಬಳು. ಮರಾಠಿ, ಹಿಂದಿ, ನಡುವೆ ಅಕ್ಕನ ಕನ್ನಡದ ಕೀರ್ತನೆ. ಮೇಷ್ಟ್ರು ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಬಾಗಿಲ ಹೊರಗೆ, ಬಂದವರ ಚಪ್ಪಲಿಗಳ ಮಧ್ಯೆ ಬೆತ್ತದ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಾ ಕೂರುತ್ತಿದ್ದರು. ಬೀದಿನಾಯಿ ಚಪ್ಪಲಿಗೆ ಬಾಯಿ ಹಾಕಿದರೆ ಪೇಪರು ಮಡಿಸಿ ಗದರುತ್ತಿದ್ದರು. ಹಾಡು ಮುಗಿಯುವ ಹೊತ್ತಿಗೆ ಎದ್ದು ಹಿತ್ತಲ ಬಾಗಿಲಿನಿಂದ ಅಡಿಗೆಮನೆಗೆ ಹೋಗಿ ಎಲ್ಲರಿಗೂ ಚಹಾ ಇಡುತ್ತಿದ್ದರು. ಒಳಗೆ ಹೋಗೋದಿಲ್ಲವೇ ಎಂದು ಒಮ್ಮೆ ಕೇಳಿದ್ದಕ್ಕೆ, "ದೇವರನ್ನ ಕಾಯಾಕ ಒಳಗ ಮಂದಿ ಅದಾರ, ಚಪ್ಪಲಿ ಕಾಯೋರು ಯಾರೂ ಇಲ್ಲ" ಎಂದಿದ್ದರು.

ಮೇಷ್ಟ್ರನ್ನು ಅವರ ಅಪ್ಪ ಪಾದ್ರಿ ಮಾಡಬೇಕೆಂದು ದೇವಶಾಸ್ತ್ರ ಓದಲು ಕಳಿಸಿದ್ದರಂತೆ. "ಅಲ್ಲಿ ಗ್ರೀಕ್ ಕಲಿಸಿದ್ರು ನೋಡು, ಅದ ಅವರ ತಪ್ಪಾತು" ಎನ್ನುತ್ತಿದ್ದರು. ಸುವಾರ್ತೆಗಳನ್ನು ಒಂದರ ಪಕ್ಕ ಒಂದಿಟ್ಟು ಮೂಲದಲ್ಲಿ ಓದಿದಾಗ, ಹಳೆಯ ಕತೆ ಯಾವುದು, ಅದಕ್ಕೆ ಸೇರಿದ್ದು ಯಾವುದು ಎಂದು ಕಾಣತೊಡಗಿತು. ಕಂಡಮೇಲೆ ಪೀಠದಲ್ಲಿ ನಿಂತು ಹೇಳಲು ಬಾಯಿ ಬರಲಿಲ್ಲ. ಬಿಟ್ಟು ಬಂದು ಇತಿಹಾಸ ಓದಿದರು. ಅಪ್ಪ ಸಾಯುವ ತನಕ ಮಾತು ಬಿಟ್ಟಿದ್ದರು.

ಬೇಸಿಗೆಯ ಸಂಜೆಗಳಲ್ಲಿ ನಾಗಪುರದ ಮನೆಯೊಳಗೆ ಕೂರಲಾಗುವುದಿಲ್ಲ. ಮೆಟ್ಟಿಲ ಮೇಲೆ ನೀರು ಸುರಿದು, ಆವಿಯೆಲ್ಲ ಹೋದಮೇಲೆ ಅಲ್ಲಿಯೇ ಕೂರುತ್ತಿದ್ದೆವು. ಅವರು ಮಾತಾಡುತ್ತಿದ್ದುದು ಅಲ್ಲಿ. ಯೇಸು ಮಾತಾಡಿದ್ದು ಹಳ್ಳಿಯವರ ಭಾಷೆ, ಆತನ ಬಗ್ಗೆ ಬರೆದದ್ದು ಪಟ್ಟಣದ ಗ್ರೀಕಿನಲ್ಲಿ. ಎಲ್ಲರಿಗಿಂತ ಮೊದಲು ಬರೆದವನು ಬದುಕಿದ್ದ ಯೇಸುವನ್ನು ಕಣ್ಣಿಂದ ಕಂಡವನೇ ಅಲ್ಲ. ಹೀಗೆ ಒಂದೊಂದನ್ನೇ ತೆಗೆಯುತ್ತಿದ್ದರು, ಬಟಾಣಿ ಸುಲಿಯುವವರ ಹಾಗೆ, ಯಾವ ಸಿಟ್ಟೂ ಇಲ್ಲದೆ.

"ಮೊದಲಿನವರು ಅಂದ್ರು, ಸತ್ತ ಮ್ಯಾಲೆ ದೇವರು ಅವನನ್ನ ಎಬ್ಬಿಸಿ ಮಗ ಅಂತ ಮಾಡ್ಕೊಂಡ. ಆಮ್ಯಾಲಿನವರು ಅಂದ್ರು, ಅಲ್ಲ, ನದ್ಯಾಗ ಮುಳುಗಿ ಎದ್ದಾಗನ. ಅವರ ಹಿಂದ ಬಂದವರು, ಅಲ್ಲ, ತಾಯಿ ಹೊಟ್ಟ್ಯಾಗ ಇದ್ದಾಗನ. ಕಡೀಕ ಬಂದವರು, ಲೋಕ ಹುಟ್ಟೋಕಿಂತ ಮೊದಲ ಅಂದ್ರು. ಪ್ರೀತಿ ಹಂಗ ತಂಗಿ. ಹಿಂದ ಹಿಂದ ಸರಕೋತ ಹೋಗತೈತಿ."

ಇನ್ನೊಂದು ಅವರಿಗೆ ಬಲು ಇಷ್ಟವಾದದ್ದು. ಎಲ್ಲಕ್ಕಿಂತ ಹಳೆಯ ಕತೆಯಲ್ಲಿ ಗೋರಿಯ ಹತ್ತಿರ ಹೋದ ಹೆಂಗಸರಿಗೆ ಬಿಳಿ ಅಂಗಿ ತೊಟ್ಟ ಒಬ್ಬ ಯುವಕ ಕಾಣುತ್ತಾನೆ, ಅಷ್ಟೇ. ಮುಂದಿನ ಕತೆಯಲ್ಲಿ ಅವನು ದೇವದೂತನಾಗಿ ಮಿಂಚಿನಂತೆ ಹೊಳೆಯುತ್ತಾನೆ. ಇನ್ನೊಂದರಲ್ಲಿ ಇಬ್ಬರಾಗುತ್ತಾರೆ. "ಅಂವ ಯಾರಿದ್ನೋ ಪಾಪ" ಎನ್ನುತ್ತಿದ್ದರು. "ಯಾವುದೋ ಕೆಲಸಕ್ಕ ಬಂದಿರಬೇಕು. ತನ್ನ ಕತಿ ತಾನ ಕೇಳಿದ್ರ ಏನ್ ಅಂತಿದ್ನೋ."

ಅಕ್ಕ ಇದನ್ನೆಲ್ಲ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ಅಕ್ಕಿ ಆರಿಸುವ ಮೊರ ಹಿಡಿದು ಹೊರಗೆ ಬಂದು, "ಹಂಗಾರ ಗೋರಿ ಬಾಯಿಗಿದ್ದ ಕಲ್ಲು ಸರಿಸಿದವರು ಯಾರು, ಅದನ್ನ ಹೇಳು" ಎನ್ನುತ್ತಿದ್ದರು. ಮೇಷ್ಟ್ರು, "ಅದು ನನಗೂ ಗೊತ್ತಿಲ್ಲವಾ" ಎನ್ನುತ್ತಿದ್ದರು. ಅಕ್ಕ ಗೆದ್ದವರ ಹಾಗೆ ಒಳಗೆ ಹೋಗುತ್ತಿದ್ದರು. ಆದರೆ ಅದು ಗೆಲುವಲ್ಲವೆಂದು ನನಗೆ ಗೊತ್ತಿತ್ತು. ಒಮ್ಮೆ ನನ್ನ ಜೊತೆ ಮೇಲೆ ಕೂತು ಹಪ್ಪಳ ಒಣಗಿಸುವಾಗ ಅಕ್ಕ ಮೆಲ್ಲಗೆ ಹೇಳಿದ್ದರು: ತಮ್ಮ ಹೀಗೆಯೇ ನಂಬದೆ ಹೋಗಿಬಿಟ್ಟರೆ ಆ ಲೋಕದಲ್ಲಿ ತಾವಿಬ್ಬರೂ ಒಂದೇ ಕಡೆ ಇರುವುದಿಲ್ಲ, ಅವ್ವ ಕೇಳಿದರೆ ಏನು ಹೇಳಲಿ. ಎಪ್ಪತ್ತರ ಹೆಂಗಸು, ಆ ಮಾತು ಹೇಳುವಾಗ ತಮ್ಮನ ಕೈ ಹಿಡಿದು ಸಂತೆಗೆ ಹೋಗಿ ಅವನನ್ನು ಕಳೆದುಕೊಂಡು ಬಂದ ಹುಡುಗಿಯ ಹಾಗೆ ಕಂಡರು.

ಕ್ರಿಸ್‌ಮಸ್ಸಿಗೆ ಇಬ್ಬರೂ ಕೂತು ಕರ್ಚಿಕಾಯಿ ಮಾಡುತ್ತಿದ್ದರು. ಆತ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ ಎಂದು ಗೊಣಗುತ್ತಲೇ ಮೇಷ್ಟ್ರು ಏಣಿ ಹತ್ತಿ ನಕ್ಷತ್ರದ ದೀಪ ಕಟ್ಟುತ್ತಿದ್ದರು, ಅಕ್ಕನಿಗೆ ಹತ್ತಲಾಗುವುದಿಲ್ಲವೆಂದು.

ಇದೆಲ್ಲ ಮೋಸವೇ ಹಾಗಾದರೆ ಎಂದು ನಾನು ಕೇಳಿದ ದಿನ ಅವರು ಬೇಸರಪಟ್ಟರು. ಅವರು ಉತ್ತರವಾಗಿ ಹೇಳಿದ್ದು ನಮ್ಮ ಕನ್ನಡ ಸಂಘದ ಕತೆ. ಒಂದು ರಾಜ್ಯೋತ್ಸವದಲ್ಲಿ ವಯಸ್ಸಾದ ಗಾಯಕಿಯೊಬ್ಬರು ಹಾಡುವಾಗ ಕರೆಂಟು ಹೋಯಿತು. ಆಕೆ ಹಾಡು ನಿಲ್ಲಿಸಿ, ಕೆಮ್ಮಿ, ನೀರು ಕೇಳಿದರು. ಯಾರೋ ಟಾರ್ಚು ಹಿಡಿದರು, ನೀರು ಕುಡಿದು ಮುಂದುವರಿಸಿದರು. ಮುಂದಿನ ವರ್ಷದ ಹೊತ್ತಿಗೆ ಆಕೆ ತೀರಿಕೊಂಡಿದ್ದರು. ಸಂಘದಲ್ಲಿ ಎಲ್ಲರೂ ಹೇಳುತ್ತಿದ್ದುದು ಹೀಗೆ: ಕತ್ತಲಲ್ಲಿ ಆಯಮ್ಮ ಒಂದು ಸ್ವರ ತಪ್ಪದೆ ಹಾಡಿದರು, ಮಂಗಳ ಹಾಡುವ ಹೊತ್ತಿಗೆ ಸರಿಯಾಗಿ ದೀಪ ಬಂತು.

"ಅವರ್‍ಯಾರೂ ಸುಳ್ಳು ಹೇಳಿಲ್ಲ ತಂಗಿ. ಸತ್ತವರ ಮ್ಯಾಲೆ ಜೀವ ಇತ್ತು ಅವರಿಗೆ. ಕತಿ ಬೆಳೀವಾಗ ಮೊದಲು ಬಿದ್ದು ಹೋಗೋದು ಏನು ಗೊತ್ತೇನು? ನೀರು ಕೇಳಿದ್ದು."

ಹೆಂಡತಿ ಸತ್ತ ಸ್ವಲ್ಪ ದಿನಕ್ಕೆ ಆಕೆಯನ್ನು ಅವರು ಸೀತಾಬರ್ಡಿಯ ಬಜಾರಿನಲ್ಲಿ ಕಂಡಿದ್ದರಂತೆ, ಬಳೆ ಅಂಗಡಿಯ ಮುಂದೆ ಚೌಕಾಶಿ ಮಾಡುತ್ತಾ ನಿಂತಿದ್ದಳಂತೆ. ಜನರನ್ನು ನೂಕಿಕೊಂಡು ಓಡಿದರು. ಇತಿಹಾಸದ ಮಾಸ್ತರ, ಹಾದಿಯಲ್ಲಿ ಯಾರದೋ ಕಿತ್ತಳೆ ಬುಟ್ಟಿ ಉರುಳಿಸಿ ಓಡಿದರು. ಬೇರೆ ಯಾರೋ ಆಗಿದ್ದಳು. "ನನ್ನ ಹತ್ರ ಆ ಮೂರು ಪ್ರಶ್ನಿ ಇದ್ದವು, ಅದಕ್ಕ ಮನೀಗೆ ಬಂದೆ. ಯೇಸುವಿನ ಹಿಂದ ಹೋದ ಆ ಮೀನುಗಾರರ ಹತ್ರ ಇರಲಿಲ್ಲ. ಇರಬೇಕಾಗೂ ಇರಲಿಲ್ಲ. ಅಂಥವನನ್ನ ಹಂಗ ಮೊಳಿ ಹೊಡದು ಕೊಂದದ್ದನ್ನ ಯಾರು ತಡಕೊಂಡಾರು?" ಎಂದರು.

ಇನ್ನು ಆ ಭಾನುವಾರ. ಅದನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಓಡಿಸಿ ನೋಡಿದ್ದೇನೆಂದರೆ ಈಗ ಯಾವುದು ಕಂಡದ್ದು, ಯಾವುದು ನೆನೆದು ನೆನೆದು ಕೂಡಿಕೊಂಡದ್ದು ಎಂಬ ಭಯವಿದೆ. ಖಚಿತವಾಗಿರುವುದನ್ನು ಮಾತ್ರ ಹೇಳುತ್ತೇನೆ.

ಏಪ್ರಿಲ್ ಬಿಸಿಲು. ಯಜಮಾನರು ಡ್ಯೂಟಿಗೆ ಹೋಗಿದ್ದರು. ಕೆಳಗೆ ಹಾಡು ನಡೆದಿತ್ತು. ಕಬ್ಬಿಣದ ಗೇಟು ಗೋಡೆಗೆ ಬಡಿದ ಸದ್ದಾಯಿತು. ಮೆಟ್ಟಿಲಿಳಿದು ಅರ್ಧಕ್ಕೆ ಬಂದೆ. ಅಂಗಳದಲ್ಲಿ ಹುಡುಗರ ಗುಂಪು, ಕೆಲವರ ಕೈಯಲ್ಲಿ ಕೋಲು. ಬಡಾವಣೆಯಲ್ಲಿ ಮತಾಂತರ ನಡೆಯುತ್ತಿದೆ, ನಿಲ್ಲಿಸಿ ಎಂದು ಕೂಗುತ್ತಿದ್ದರು. ಒಳಗಿನ ಹಾಡು ನಿಂತು, ಬಾಗಿಲ ಚಿಲಕ ಬಿತ್ತು. ಹೊರಗೆ ಉಳಿದವರು ಮೇಷ್ಟ್ರು ಒಬ್ಬರೇ. ಕುರ್ಚಿಯಿಂದ ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಪೇಪರು ಇನ್ನೂ ಕೈಯಲ್ಲಿತ್ತು.

ಮುಂದಾಳು ಇಪ್ಪತ್ತೈದರ ಯುವಕ. ಅವರನ್ನು ಕಂಡು ಗುರುತು ಹಿಡಿದು, ಬಗ್ಗಿ ಕಾಲು ಮುಟ್ಟಿದ. ಅವರ ಹಳೆಯ ವಿದ್ಯಾರ್ಥಿ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ತನ್ನ ಜೊತೆಯವರಿಗೆ ತಿರುಗಿ, ಇವರು ನಮ್ಮ ಸರ್, ಯೇಸು ಬರೀ ಮನುಷ್ಯ, ದೇವರೆಂದದ್ದು ಆಮೇಲಿನವರು ಎಂದು ಕ್ಲಾಸಿನಲ್ಲಿ ಇವರೇ ಕಲಿಸಿದ್ದು, ಇವರು ನಮ್ಮವರೇ ಎಂದ. ಆಮೇಲೆ ಬಹಳ ವಿನಯದಿಂದ ಕೇಳಿದ.

"ಸರ್, ಬಸ್ ಏಕ್ ಬಾರ್ ಜೋರ್ ಸೇ ಬೋಲ್ ದೀಜಿಯೇ. ಒಂದೇ ಸಲ ಜೋರಾಗಿ, ಒಳಗಿನವರಿಗೆ ಕೇಳಲಿ. ನಾವು ಹೋಗಿಬಿಡ್ತೀವಿ."

ಅವರು ನಂಬಿದ್ದನ್ನು, ಜೀವನವೆಲ್ಲ ಹೇಳಿದ್ದನ್ನು, ಇನ್ನೊಮ್ಮೆ ಹೇಳಿದ್ದರೆ ಸಾಕಾಗಿತ್ತು. ಹೇಳಿಬಿಡಿ ಮೇಷ್ಟ್ರೇ ಎಂದು ನಾನು ಮನಸ್ಸಿನಲ್ಲೇ ಬೇಡುತ್ತಿದ್ದೆ. ಅವರ ಕಾಲು ನಡುಗುತ್ತಿತ್ತು, ಪಂಚೆ ಅಲುಗುವುದು ಮೆಟ್ಟಿಲಿಗೂ ಕಾಣುತ್ತಿತ್ತು. ನನ್ನ ಕಡೆ ನೋಡಿ, "ತಂಗಿ, ಸ್ವಲ್ಪ ನೀರು ತಾ" ಎಂದರು. ಮೇಲೆ ಓಡಿ ಸ್ಟೀಲ್ ಲೋಟದಲ್ಲಿ ಮಡಕೆ ನೀರು ತಂದೆ. ಗುಂಪು ನನಗೆ ದಾರಿ ಬಿಟ್ಟಿತು. ಅವರ ಕೈ ನಡುಗಿ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಉಳಿದದ್ದನ್ನು ಕುಡಿದು, ಬಾಯೊರೆಸಿಕೊಂಡು, ಲೋಟ ನನ್ನ ಕೈಗೆ ಕೊಟ್ಟು, ಅವನಿಗೆ ಹಿಂದಿಯಲ್ಲಿ ಹೇಳಿದರು: ಅದು ಕ್ಲಾಸಿನ ಪಾಠ. ಕೋಲು ಬಿಟ್ಟು ಬಾ, ಕೂತ್ಕೋ, ಪೂರ್ತಿ ಹೇಳ್ತೀನಿ. ಇಲ್ಲಿ ಹೇಳೋದಿಲ್ಲ.

ಗುಂಪಿನ ಹಿಂದಿನಿಂದ ಯಾರೋ ನೂಕಿದರು. ಯಾರೆಂದು ನಾನು ನೋಡಲಿಲ್ಲ. ನೋಡಿದೆನೆಂದು ಆಣೆ ಮಾಡಲಾರೆ. ಮೇಷ್ಟ್ರು ಚಪ್ಪಲಿಗಳ ಮೇಲೆ ಎಡವಿ ಪಕ್ಕಕ್ಕೆ ಬಿದ್ದರು, ತಲೆ ಕಿಟಕಿಯ ಗ್ರಿಲ್ಲಿಗೆ ಬಡಿಯಿತು. ರಕ್ತ ಬಂದದ್ದು ಸ್ವಲ್ಪವೇ. ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದವನು ಆ ವಿದ್ಯಾರ್ಥಿಯೇ. ಉಳಿದವರು ಅಷ್ಟರಲ್ಲಿ ಚದುರಿದ್ದರು. ಆಮೇಲೆ ಅವನೂ ಹೋದ.

ಗಾಯಕ್ಕೆ ಅಕ್ಕ ಪಟ್ಟಿ ಕಟ್ಟಿದರು. ಪೊಲೀಸರು ಬಂದಾಗ ಮೇಷ್ಟ್ರು ಕಾಲು ಜಾರಿತು ಎಂದರು. ಅವರು ಮತ್ತೆ ಚಹಾ ಮಾಡಿದರು, ಪೇಪರು ಓದಿದರು, ಎಲ್ಲ ಸರಿಹೋಯಿತೆಂದೇ ನಾವು ತಿಳಿದಿದ್ದು. ಒಂದು ಸಂಜೆ ಮೆಟ್ಟಿಲ ಮೇಲೆ ಕೂತಾಗ ತಡೆಯಲಾರದೆ ಕೇಳಿದೆ. ನಿಮಗೆ ನಿಜವೆಂದು ತೋರಿದ್ದನ್ನೇ ಹೇಳಿ ಎಂದನಲ್ಲ ಆ ಹುಡುಗ, ಯಾಕೆ ಹೇಳಲಿಲ್ಲ?

"ನಾ ಹೇಳೋದು ಖರೇನ" ಎಂದರು. "ಆದ್ರ ಕೇಳಾಕ ಬಂದವರು ಖರೇ ಕೇಳಾಕ ಬಂದಿರಲಿಲ್ಲ. ನಮ್ಮಕ್ಕನ ಎದಿ ಒಡಿಯಾಕ ನನ್ನ ಬಾಯಿ ಎರವಲು ಕೇಳಾಕ ಬಂದಿದ್ರು."

ತಲೆನೋವು ಎನ್ನುತ್ತಿದ್ದರು. ಬಿಸಿಲಿನದು ಎಂದು ಎಲ್ಲರೂ ಅಂದುಕೊಂಡೆವು. ಮೇ ಕೊನೆಯಲ್ಲಿ ಒಂದು ಮಧ್ಯಾಹ್ನ ಅಕ್ಕನನ್ನು ಗುರುತಿಸದೆ ಅವ್ವಾ ಎಂದು ಕರೆದರಂತೆ. ತಲೆಯೊಳಗೆ ನಿಧಾನವಾಗಿ ರಕ್ತ ಸೇರಿತ್ತು. ಆಸ್ಪತ್ರೆಗೆ ಸೇರಿಸಿದ ಮೇಲೆ ಮತ್ತೆ ಮಾತಾಡಲಿಲ್ಲ.

ಅವರ ನೆನಪಿನ ಪ್ರಾರ್ಥನೆಗೆ ಅಕ್ಕ ನನ್ನನ್ನು ಕೆಳಗೆ ಕರೆದರು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಬೆತ್ತದ ಕುರ್ಚಿ ಖಾಲಿಯಿತ್ತು. ಹೊಲಿಗೆಯ ಹೆಂಗಸು ಆಗಲೇ ಹೇಳುತ್ತಿದ್ದಳು, ಸರ್ ಎರಡೂ ತೋಳು ಚಾಚಿ ಬಾಗಿಲಿಗೆ ಅಡ್ಡ ನಿಂತಿದ್ದರಂತೆ, ಶಿಲುಬೆಯ ಹಾಗೆ. ಬಾಗಿಲು ಮುಚ್ಚಿಕೊಂಡು ಒಳಗಿದ್ದ ಅವಳು ಅದನ್ನು ನೋಡಿರಲಾರಳು. ಅಕ್ಕ ಅವಳನ್ನು ತಡೆದು ನನ್ನ ಕಡೆ ತಿರುಗಿದರು.

"ನೀ ಇದ್ದಿ. ನೀ ಹೇಳವಾ. ಹೇಳು ಅಂದಾಗ ಅಂವ ಯಾಕ ಹೇಳಲಿಲ್ಲ? ಕಡೀಕ ನಂಬಿದ್ನಲ್ಲ? ಅದಕ್ಕಲ್ಲ?"

ಅಕ್ಕನ ಕಣ್ಣು ನನ್ನ ಮೇಲಿತ್ತು. ಹೌದು ಎಂಬ ಒಂದು ಮಾತಿನಿಂದ ಆ ಹೆಂಗಸಿನ ಉಳಿದ ಆಯುಷ್ಯ ಹಗುರವಾಗುತ್ತಿತ್ತು. ಆದರೆ ನೋಡಿದವಳು ನಾನೊಬ್ಬಳೇ. ಯಾರು ನೋಡಿದ್ರು ಎಂಬ ಅವರ ಪ್ರಶ್ನೆಗೆ ಅವರ ಸಾವಿನ ವಿಷಯದಲ್ಲಾದರೂ ಉತ್ತರ ಇರಬೇಕಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತೋಳು ಚಾಚಿರಲಿಲ್ಲ, ಕೈಯಲ್ಲಿ ಪೇಪರಿತ್ತು. ತುಂಬ ಹೆದರಿದ್ದರು, ಕಾಲು ನಡುಗುತ್ತಿತ್ತು. ಅವರು ಹೇಳದಿದ್ದದ್ದು ನಿಮ್ಮ ಎದೆ ಒಡೆಯಬಾರದೆಂದು, ನಂಬಿದ್ದಕ್ಕಲ್ಲ. ನೀರು ಕೇಳಿದರು. ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡು ಕುಡಿದರು. ನೀರು ಕೇಳಿದ್ದನ್ನೂ ಹೇಳಿದೆ, ಮೊದಲು ಬಿದ್ದುಹೋಗುವುದು ಅದೇ ಎಂದು ಅವರೇ ಹೇಳಿದ್ದರಿಂದ, ಬೀಳಬಾರದೆಂದು.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

"ನೀರು ಕೇಳಿದ್ನೇನು" ಎಂದರು ಮೆಲ್ಲಗೆ. "ಆತನೂ ಶಿಲುಬಿ ಮ್ಯಾಲೆ ನೀರಡಿಕಿ ಆಗೈತಿ ಅಂದಿದ್ದ."

ಯಾರೋ ಆಮೆನ್ ಅಂದರು. ಅಕ್ಕನ ಮುಖದಲ್ಲಿ ನಾನು ಅದುವರೆಗೆ ಕಾಣದಿದ್ದ ಶಾಂತಿ ಬಂದಿತ್ತು. ನಾನು ಎದ್ದು ಅಡಿಗೆಮನೆಗೆ ಹೋಗಿ ಎಲ್ಲರಿಗೂ ಚಹಾ ಇಟ್ಟೆ.

ಮರುವರ್ಷ ನಮಗೆ ಭೋಪಾಲಿಗೆ ವರ್ಗವಾಯಿತು. ಕೆಲವು ವರ್ಷದ ಮೇಲೆ ಅಕ್ಕನೂ ಹೋದರೆಂದು ತಿಳಿಯಿತು. ತಮ್ಮ ಸಿಗುತ್ತಾನೆಂಬ ಧೈರ್ಯದಲ್ಲಿ ಹೋದರಂತೆ.

ಕಳೆದ ಬೇಸಿಗೆ ಒಂದು ಮದುವೆಗೆಂದು ನಾಗಪುರಕ್ಕೆ ಹೋದವಳು ಆಟೋ ಹಿಡಿದು ಮನೀಶ್ ನಗರಕ್ಕೆ ಹೋದೆ. ಖಾಲಿ ಸೈಟು ಒಂದೂ ಉಳಿದಿಲ್ಲ. ನಮ್ಮ ಮನೆಯಿದ್ದ ಜಾಗದಲ್ಲಿ ನಾಲ್ಕಂತಸ್ತು ಎದ್ದಿದೆ. ಪ್ರಾರ್ಥನೆಯವರು ಅದೇ ಬೀದಿಯ ಕೊನೆಯಲ್ಲಿ ತಗಡಿನ ಮಾಡಿನ ಚಿಕ್ಕ ಹಾಲ್ ಕಟ್ಟಿಕೊಂಡಿದ್ದಾರೆ. ಬಾಗಿಲ ಹೊರಗೆ ಒಂದು ಬೆತ್ತದ ಕುರ್ಚಿ, ಯಾರೂ ಕೂತಿರಲಿಲ್ಲ. ಪಕ್ಕದಲ್ಲಿ ಸ್ಟೂಲಿನ ಮೇಲೆ ಮಡಕೆ, ಸ್ಟೀಲ್ ಲೋಟ. ನೋಡಿಕೊಳ್ಳುತ್ತಿದ್ದ ಹೆಂಗಸು ನನಗೆ ಗೊತ್ತಿಲ್ಲದವಳು, ಊರಿಗೆ ಹೊಸಬಳು. ಕುರ್ಚಿ ಯಾರದೆಂದು ಕೇಳಿದ್ದಕ್ಕೆ ಮರಾಠಿಯಲ್ಲಿ ಎಲ್ಲ ಹೇಳಿದಳು. ಒಬ್ಬ ದೊಡ್ಡ ಭಕ್ತರಿದ್ದರಂತೆ. ಭಾನುವಾರವೆಲ್ಲ ಬಾಗಿಲಲ್ಲಿ ಕಾಯುತ್ತಿದ್ದರಂತೆ. ಕೊಲ್ಲಲು ಬಂದವರು ದೇವರನ್ನು ಬಿಟ್ಟೆ ಎಂದು ಹೇಳಲು ಹೇಳಿದಾಗ ಹೇಳಲಿಲ್ಲವಂತೆ. ಬಾಯಾರಿತು ಎಂದರಂತೆ. ಆಗ ಬಿಳಿ ಸೀರೆಯ ಹೆಂಗಸೊಬ್ಬಳು ಮೆಟ್ಟಿಲಿಳಿದು ಬಂದು ನೀರು ಕೊಟ್ಟಳಂತೆ. ಗುಂಪು ತಾನಾಗಿ ಎರಡು ಭಾಗವಾಗಿ ದಾರಿ ಬಿಟ್ಟಿತಂತೆ. ಅವಳು ಯಾರೆಂದು ಯಾರಿಗೂ ಗೊತ್ತಿಲ್ಲ, ಆಮೇಲೆ ಯಾರೂ ಅವಳನ್ನು ನೋಡಲಿಲ್ಲ.

ನಾನು ಅವತ್ತು ತೊಟ್ಟದ್ದು ಮನೆಯಲ್ಲಿ ಹಾಕುವ ಹಳದಿ ಚೂಡಿದಾರ. ಒಗ್ಗರಣೆಯ ಕಲೆಯಿತ್ತು.

ಯಾರು ನೋಡಿದ್ರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವರನ್ನು ನೀವು ಬಲ್ಲಿರಾ ಎಂದು ಅವಳೇ ಕೇಳಿದಳು. ಬಲ್ಲೆ, ತುಂಬ ಹೆದರಿದ್ದರು ಎಂದೆ. ಅವಳು ಅರ್ಥವಾದವಳಂತೆ ತಲೆದೂಗಿ, ಒಳಗೆ ಬರುವ ಮೊದಲು ಎಲ್ಲರೂ ಕುಡಿಯುತ್ತಾರೆ ಎಂದು ಲೋಟ ತುಂಬಿ ಕೊಟ್ಟಳು. ತೆಗೆದುಕೊಂಡೆ. ಕೈ ನಡುಗಿ ಅರ್ಧ ನೀರು ಮೈಮೇಲೆ ಚೆಲ್ಲಿತು. ನಾಚಿಕೆಯಿಂದ ಒರೆಸಿಕೊಳ್ಳಲು ಹೋದೆ.

ಅವಳ ಮುಖ ಅರಳಿತು. "ನಮ್ಮ ಪದ್ಧತಿ ನಿಮಗೆ ಗೊತ್ತಿದೆಯಲ್ಲ" ಎಂದಳು. "ಇಲ್ಲಿ ಎಲ್ಲರೂ ಹೀಗೆ ಸ್ವಲ್ಪ ಚೆಲ್ಲಿಕೊಂಡೇ ಕುಡಿಯೋದು."